ಮಟ್ಟದ ನೆಲ

ಹುಲ್ಲಿನ ಮೇಲೆ ಬರಿಗಾಲಿಟ್ಟಾಗ ಚಿಕ್ಕಸ್ವಾಮಿಗೆ ಮೊದಲು ತಿಳಿಯುತ್ತಿದ್ದುದು ಇಬ್ಬನಿಯ ತಂಪಲ್ಲ, ನೆಲದ ಮಟ್ಟ. ಎಲ್ಲಿ ಬೆರಳಿನಷ್ಟು ಉಬ್ಬಿದೆ, ಎಲ್ಲಿ ಉಗುರಿನಷ್ಟು ತಗ್ಗಿದೆ ಎಂಬುದನ್ನು ಅವನ ಅಂಗಾಲು ಕಣ್ಣಿಗಿಂತ ಮೊದಲೇ ಹೇಳಿಬಿಡುತ್ತಿತ್ತು. ನಾಟಿಗೆ ಮುಂಚೆ ಪಾಂಡವಪುರದ ಕಡೆಯವರು, ದೂರದ ಶೀಳನೆರೆಯವರು ಕೂಡ, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ತಮ್ಮ ಗದ್ದೆಯಲ್ಲಿ ಸುಮ್ಮನೆ ಒಂದು ಸುತ್ತು ನಡೆಸುತ್ತಿದ್ದರು. ಇವತ್ತು ಅಂಗಾಲು ಏನೂ ಹೇಳಲಿಲ್ಲ. ಹೇಳಲು ಏನೂ ಉಳಿದಿರಲಿಲ್ಲ. ದುಂಡಗೆ, ಒತ್ತಾಗಿ ಕತ್ತರಿಸಿದ ಹುಲ್ಲು ಕಟ್ಟೆಯೊಳಗಿನ ನೀರಿನ ಹಾಗೆ ಅಲುಗಾಡದೆ ಮಲಗಿತ್ತು. ನಡುವೆ ಕುಳಿ, ಕುಳಿಯಲ್ಲೊಂದು ಕೆಂಪು ಬಾವುಟ. ಬಲಗಡೆ ಕರಿಘಟ್ಟದ ಹಿಂದಿನಿಂದ ಬಿಸಿಲು ಇನ್ನೂ ಇಳಿದಿರಲಿಲ್ಲ. ಬೆಟ್ಟದ ಶ್ರೀನಿವಾಸನಿಗೆ ನಿಂತಲ್ಲಿಂದಲೇ ಕೈಮುಗಿದ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಇದು ಹಿಂದೊಮ್ಮೆ ಹೊಣಕೆರೆಯಲ್ಲಿ ಜನರ ಮುಂದೆ ಕಾವ್ಯ ಓದಲು ಕೂತಾಗಿನ ಅಳುಕು ಎಂದು ಗುರುತು ಹತ್ತಿದ ಕೂಡಲೇ ಬಾವುಟದ ಕೋಲನ್ನು ಕಿತ್ತು, ಒರೆಸಿ, ಮತ್ತೆ ನೆಟ್ಟ.

ಹೋದ ವರ್ಷದವರೆಗೆ ಇದು ಗದ್ದೆ. ಹೆಂಡತಿ ಪುಟ್ಟಗೌರಮ್ಮನ ತಮ್ಮ ಕುಮಾರ್ ಮೈಸೂರಿನಲ್ಲಿ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವನು. ಒಂದು ಹಬ್ಬಕ್ಕೆ ಬಂದವನು ಊಟದ ಎಲೆಯ ಮುಂದೆ, 'ಆಡೋರಿಗೆ ಜಾಗ ಅದೆ ಭಾವ, ಕಲಿಯೋರಿಗೆ ಇಲ್ಲ' ಎಂದು ಒಂದು ಮಾತು ಎಸೆದು ಹೋದ. ಗಾಲ್ಫನ್ನು ಟಿ.ವಿ.ಯಲ್ಲಿ, ಅದೂ ಚಾನೆಲ್ಲು ಬದಲಾಯಿಸುವಾಗ ಮಾತ್ರ ಕಂಡಿದ್ದ ಚಿಕ್ಕಸ್ವಾಮಿಗೆ ಆ ಮಾತು ಯಾಕೆ ಅಷ್ಟು ಹಿಡಿಸಿತೋ ಅವನಿಗೇ ತಿಳಿಯದು. ಕಲಿಯುವುದಕ್ಕೆಂದೇ ಒಂದು ಜಾಗ. ಆಟವಿಲ್ಲ, ಗೆಲುವಿಲ್ಲ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಮನೆಗೆ ಹೋಗುವುದು. ರಾತ್ರಿಯೆಲ್ಲ ಅದನ್ನೇ ಯೋಚಿಸಿ ಬೆಳಗ್ಗೆ ಬಾಮೈದನಿಗೆ ಫೋನು ಮಾಡಿದ್ದ. ಇವತ್ತು ಆ ಜಾಗವನ್ನು ನೋಡಲು ಹೇಮಶ್ರೀ ಎನ್ನುವವರು ಬರುತ್ತಾರೆ. ನಾಗಮಂಗಲದ ಕಡೆಯವರಂತೆ; ಹಿಂದೆ ದೊಡ್ಡ ದೊಡ್ಡ ಪಂದ್ಯ ಆಡಿದವರು, ಈಗ ಕಲಿಸುತ್ತಾರೆ. ಅವರು ಒಪ್ಪಿದರೆ ಅವರ ಶಿಷ್ಯರೆಲ್ಲ ಇಲ್ಲಿಗೆ ಬರುತ್ತಾರೆ. ಒಪ್ಪದಿದ್ದರೆ ನಾಲೆಗೆ ನೀರು ಬಿಡುವ ಹೊತ್ತಿಗೆ ಹುಲ್ಲನ್ನು ಉತ್ತು ಭತ್ತ ಹಾಕುವುದೇ ಸರಿ ಎಂದು ಕುಮಾರ್ ಮುಚ್ಚುಮರೆಯಿಲ್ಲದೆ ಹೇಳಿದ್ದ. ಭತ್ತ ಹಾಕುವುದರಲ್ಲಿ ಚಿಕ್ಕಸ್ವಾಮಿಗೆ ನಾಚಿಕೆಯಿರಲಿಲ್ಲ. ಬಲ್ಲವರೊಬ್ಬರು ಈ ನೆಲದ ಮೇಲೆ ನಿಂತು 'ಚೆನ್ನಾಗದೆ' ಅನ್ನಬೇಕು, ಅಷ್ಟೇ ಅವನ ಆಸೆ. ಚಿಕ್ಕಸ್ವಾಮಿ ಮಾಡಿದ ಮಟ್ಟ ಎಂದರೆ ಹೋಬಳಿಯಲ್ಲಿ ಒಂದು ಹೆಸರಿತ್ತು. ಅವನಿಗಿದ್ದುದು ಅದೊಂದೇ ಹೆಸರು.

'ಏನ್ಲಾ, ನಿನ್ನ ಹುಲ್ಲು ಇವತ್ತು ಪರೀಕ್ಸೆಗೆ ಕೂತದಂತೆ?' ಬದುವಿನ ಆಚೆಯಿಂದ ಮರಿಸ್ವಾಮಿ ಕೂಗಿದ. ಪಕ್ಕದ ಗದ್ದೆಯವನು, ಒಟ್ಟಿಗೆ ಈಜು ಕಲಿತವನು, ಕೈಯಲ್ಲಿ ಎಮ್ಮೆಯ ಹಗ್ಗ. 'ಒರಗಿನೋರ್ನ ಯಾಕ್ಲಾ ಕರೆಸ್ದೆ? ನನ್ನ ಎಮ್ಮೆ ಬುಡು, ಒಂದು ಗಳಿಗೇಲಿ ಪಾಸು ಮಾಡ್ಬುಡ್ತದೆ.'

'ನಿನ್ನ ಎಮ್ಮೆ ನಿನ್ನಂಗೆಯ, ಏನ್ ಕೊಟ್ರೂ ಪಾಸೆಯ. ಅತ್ಲಾಗ್ ಇಡ್ಕೊಂಡೋಗ್ಲಾ.'

ಮರಿಸ್ವಾಮಿ ನಕ್ಕ. ಹೋಗಲಿಲ್ಲ. ಎಮ್ಮೆಯನ್ನು ಹೊಂಗೆಮರಕ್ಕೆ ಕಟ್ಟಿ ಬದುವಿನ ಮೇಲೆಯೇ ಕೂತ. ಅವನು ಅಲ್ಲಿ ಕೂತದ್ದು ಚಿಕ್ಕಸ್ವಾಮಿಯ ಬೆನ್ನಿಗೆ ಗೊತ್ತಾಗುತ್ತಿತ್ತು. ಹೊಣಕೆರೆಯ ಅಂಗಳದಲ್ಲಿ ಹೀಗೆಯೇ ಜನ ಕೂತಿದ್ದರು, ಕಾಲು ಇಳಿಬಿಟ್ಟುಕೊಂಡು, ಯಾವ ಕೆಟ್ಟ ಮನಸ್ಸೂ ಇಲ್ಲದೆ.

ಹೇಮಶ್ರೀ ಸ್ಕೂಟರಿನಲ್ಲಿ ಬಂದಳು. ಕಾರು ಬರುತ್ತದೆ ಎಂದು ದಾರಿಯ ಕಲ್ಲನ್ನೆಲ್ಲ ಆರಿಸಿ ಹಾಕಿದ್ದ ಚಿಕ್ಕಸ್ವಾಮಿಗೆ ಸ್ವಲ್ಪ ಪೆಚ್ಚೆನಿಸಿತು. ನಲವತ್ತರ ಹತ್ತಿರದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಬೆನ್ನಿಗೆ ಕೋಲುಗಳ ಉದ್ದನೆಯ ಚೀಲ. ಇಳಿದವಳು ಯಾರನ್ನೂ ಮಾತಾಡಿಸದೆ ಮೊದಲು ಬೆಟ್ಟ ನೋಡಿದಳು, ಆಮೇಲೆ ತನ್ನ ನೆರಳು ಬಿದ್ದ ಕಡೆ ನೋಡಿದಳು. 'ಹೊಡೆಯೋದು ಉತ್ತರಕ್ಕಾ? ಒಳ್ಳೇದಾಯ್ತು. ಬೆಳಗ್ಗೆ ಆಗಲಿ ಸಂಜೆ ಆಗಲಿ ಸೂರ್ಯ ಕಣ್ಣಿಗೆ ಹೊಡೆಯಲ್ಲ.' ನಂತರ ಚೆಂಡು ಹೊಡೆಯುವ ಜಾಗಕ್ಕೆ ಹೋದಳು. ಅಲ್ಲಿ ಚಿಕ್ಕಸ್ವಾಮಿ ಹುಲ್ಲನ್ನು ಸಸಿಮಡಿಗಳ ಹಾಗೆ ಉದ್ದುದ್ದ ಪಟ್ಟಿಗಳಾಗಿ ಪಾಲು ಮಾಡಿ, ಒಂದೊಂದಕ್ಕೂ ಹಗ್ಗ ಕಟ್ಟಿದ್ದ. ಕೋಲು ತಾಗಿದ ಕಡೆ ಹುಲ್ಲು ಕಿತ್ತುಬರುತ್ತದೆ, ಒಂದು ಮಡಿ ಗಾಯವಾದರೆ ಇನ್ನೊಂದರಲ್ಲಿ ಹೊಡೆಯಲಿ, ಅಷ್ಟರಲ್ಲಿ ಮೊದಲನೆಯದು ಮಾಯಲಿ ಎಂದು ಕುಮಾರ್ ಹೇಳಿಕೊಟ್ಟಿದ್ದ. 'ಚಾಪೆ ಹಾಕಿಲ್ಲವಲ್ಲ, ಅದೇ ದೊಡ್ಡದು' ಎಂದಳು ಹೇಮಶ್ರೀ. 'ಪ್ಲಾಸ್ಟಿಕ್ ಚಾಪೆ ಮೇಲೆ ತಪ್ಪು ಹೊಡೆದರೂ ಚೆಂಡು ಎದ್ದು ಹೋಗ್ತದೆ. ನೆಲ ಹಂಗಲ್ಲ, ತಪ್ಪಾದ್ರೆ ಅಲ್ಲೇ ಹೇಳಿಬಿಡ್ತದೆ.' ಅವಳು ಹೊಗಳಿದ್ದು ತನ್ನನ್ನಲ್ಲ, ಬಾಮೈದನನ್ನು ಎಂದು ಗೊತ್ತಿದ್ದರೂ ಚಿಕ್ಕಸ್ವಾಮಿಯ ಕಿವಿ ಬಿಸಿಯಾಯಿತು. 'ನೆಲ ಅಂದ್ರೆ ನೆಲವೇ ಅಲ್ವಾ ಮೇಡಮ್ಮೋರೆ' ಎಂದ, ಅಂದಮೇಲೆ ಇದೆಂಥ ದಡ್ಡ ಮಾತು ಎಂದು ನಾಚಿದ.

ಅವಳು ಚೀಲದಿಂದ ಕೋಲು ತೆಗೆದು ಹೊಡೆಯತೊಡಗಿದಳು. ಮೊದಲ ಚೆಂಡು ಹಾರಿದ ರೀತಿಗೆ ಚಿಕ್ಕಸ್ವಾಮಿ ಉಸಿರು ಬಿಡುವುದನ್ನು ಮರೆತ. ಬಲವಿದ್ದಂತೆಯೇ ಕಾಣಲಿಲ್ಲ. ಸೊಂಟ ತಿರುಗಿತು, ಒಂದು ಒಣ ಸದ್ದಾಯಿತು, ಆಮೇಲೆ ಎಷ್ಟೋ ಹೊತ್ತು ಬರೀ ಆಕಾಶ. ಕಾವ್ಯವನ್ನು ರಾಗವಾಗಿ ಓದುವವನು ಪದ್ಯದ ಮೊದಲ ಅಕ್ಷರವನ್ನು ಸರಿಯಾದ ಎತ್ತರದಲ್ಲಿ ಹಿಡಿದರೆ ಉಳಿದದ್ದು ತಾನಾಗಿ ಹೋಗುತ್ತದಲ್ಲ, ಹಾಗೆ. ಎರಡನೆಯದೂ ಹಾಗೆಯೇ ಹೋಯಿತು. ಮೂರನೆಯ ಸಲ ಕೋಲು ನೆಲಕ್ಕೆ ತಾಗಿ, ಕೆಟ್ಟ ಸದ್ದಾಗಿ, ಚೆಂಡು ಹತ್ತಿರದಲ್ಲೇ ಪಕ್ಕಕ್ಕೆ ಉರುಳಿ ನಿಂತಿತು. ಬದುವಿನ ಮೇಲೆ ಮರಿಸ್ವಾಮಿ ಲೊಚಗುಟ್ಟಿದ. ಚಿಕ್ಕಸ್ವಾಮಿ ಥಟ್ಟನೆ ಮುಖ ತಿರುಗಿಸಿ ಬೆಟ್ಟದ ಮೆಟ್ಟಿಲು ನೋಡುವವನ ಹಾಗೆ ನಿಂತ. ಅಷ್ಟು ದೊಡ್ಡವರು ಸೋತದ್ದನ್ನು ನೋಡಿಬಿಟ್ಟೆನಲ್ಲ ಎಂದು ಅವನಿಗೇ ಅವಮಾನವಾದಂತಿತ್ತು. ಆದರೆ ಅವಳ ಕಡೆಯಿಂದ ಮತ್ತೆ ಸದ್ದು ಬಂತು. ಮತ್ತೆ ಕೆಟ್ಟ ಸದ್ದು. ಮತ್ತೆ. ಅವಳು ಬೇಕೆಂದೇ ಯಾವುದೋ ಕಷ್ಟದ ಹೊಡೆತವನ್ನು ಹಿಡಿದು ಕೂತಿದ್ದಾಳೆಂದು ಅವನಿಗೆ ನಿಧಾನವಾಗಿ ಅರ್ಥವಾಯಿತು. ಬರುವುದನ್ನು ಬಿಟ್ಟು ಬಾರದ್ದನ್ನು ಮಾಡುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವರ ಮುಖದಲ್ಲಿ ಇರುವಂಥ ಒಂದು ತಾಳ್ಮೆ ಮಾತ್ರ.

'ಯಾಕಣ್ಣ ಆ ಕಡೆ ತಿರುಗಿದ್ರಿ?' ಎಂದು ಕೇಳಿದಳು, ಚೆಂಡಿನಿಂದ ಕಣ್ಣೆತ್ತದೆ.

'ಸುಮ್ನೆ ಮೇಡಮ್ಮೋರೆ. ನೋಡಿದ್ರೆ ನಿಮಗೆ ಸಂಕೋಚ ಆಯ್ತದೇನೋ ಅಂತ.'

'ನೋಡಿ, ಪರವಾಗಿಲ್ಲ. ನೋಡಿ ಏನೂ ಅಂದ್ಕೋಬೇಡಿ, ಅಷ್ಟೇ. ಅಂಥ ಜಾಗ ಸಿಕ್ಕೋದು ಕಷ್ಟ. ಮೈಸೂರಲ್ಲಿ ಒಂದು ಚೆಂಡು ತಪ್ಪಿದ್ರೆ ಹಿಂದೆ ಕಾಫಿ ಕುಡೀತಿರೋರೆಲ್ಲ ಕತ್ತು ತಿರುಗಿಸ್ತಾರೆ. ಆಮೇಲೆ ಮಕ್ಕಳು ತಪ್ಪಾಗದ ಹೊಡೆತಾನೇ ಹೊಡೀತಾ ಕೂತ್ಕೋತವೆ. ದಿನಾ ಬರ್ತವೆ, ಏನೂ ಕಲಿಯಲ್ಲ.'

ಬೆಟ್ಟದ ಕೆಳಗೆ, ಹೊಳೆಯ ದಂಡೆಯಲ್ಲಿ ಒಂದು ಕಲ್ಲುಮಂಟಪವಿದೆ, ಇಲ್ಲಿಂದ ಅದರ ತಲೆ ಕಾಣುತ್ತದೆ. ಚಿಕ್ಕಸ್ವಾಮಿ ಈಗ ಅದನ್ನು ನೋಡದಿರಲು ಹೆಣಗಿದ. ದೊಡ್ಡಪ್ಪ ಕರಿಯಯ್ಯ ಊರೂರು ತಿರುಗಿ ಕಾವ್ಯ ಓದುತ್ತಿದ್ದವನು. ಆಗಿನ್ನೂ ಹುಡುಗನಾಗಿದ್ದ ಇವನ ಗಂಟಲು ಚೆನ್ನಾಗಿದೆ ಎಂದು ತನ್ನ ಜೊತೆ ಇಟ್ಟುಕೊಂಡು ಓದಿಸುತ್ತಿದ್ದ. ಓದಿಸುತ್ತಿದ್ದದ್ದು ಎಲ್ಲಿ ಎಂದರೆ ನಾಲೆಯ ತೂಬಿನ ಹತ್ತಿರ, ನೀರು ಹೋ ಎಂದು ಬೀಳುವ ಕಡೆ. ಇಲ್ಲವೆ ಎತ್ತಿನ ಗಾಡಿಯಲ್ಲಿ, ಹಳ್ಳದ ದಾರಿಯಲ್ಲಿ, ಪದ್ಯದ ನಡುವೆ ಗಾಡಿ ಎತ್ತಿ ಹಾಕಿದರೆ ಅಕ್ಷರ ಹಲ್ಲಿಗೆ ಸಿಕ್ಕಿ ನೋಯುತ್ತಿತ್ತು. ತೂಬಿನ ಹತ್ತಿರ ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಮಂಟಪದಲ್ಲಿ ಹಾಗಲ್ಲ. ಅಲ್ಲಿ ಬಾಯಿ ತೆರೆದರೆ ಸಾಕು, ಕಂಬ ಕಂಬವೂ ದನಿಯನ್ನು ಇಸಕೊಂಡು, ಜೇನು ಹಚ್ಚಿ ವಾಪಸು ಕೊಡುತ್ತಿತ್ತು. ದೊಡ್ಡಪ್ಪನಿಗೆ ಗೊತ್ತಾಗದಂತೆ ಸಂಜೆ ಸಂಜೆ ಅಲ್ಲಿಗೆ ಹೋಗಿ ಓದಿ, ತನ್ನ ದನಿಯನ್ನು ತಾನೇ ಕೇಳಿ ಕಣ್ಣು ಒದ್ದೆ ಮಾಡಿಕೊಂಡು ಬರುತ್ತಿದ್ದ. ಒಂದು ಸಲ ದೊಡ್ಡಪ್ಪ ಹಿಡಿದೂ ಬಿಟ್ಟಿದ್ದ. 'ಅಲ್ಲಿ ಓದ್ಬ್ಯಾಡ ಕಣ್ಲಾ, ಕಲ್ಲು ನಿನ್ನ ಒಗಳ್ತದೆ' ಎಂದಿದ್ದ, ಅಷ್ಟೇ. ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡಿದ್ದ ಚಿಕ್ಕಸ್ವಾಮಿ.

'ಈಗ ಗ್ರೀನು ತೋರ್ಸಿ' ಎಂದಳು ಹೇಮಶ್ರೀ.

ಗ್ರೀನು ಎಂದರೆ ಕುಳಿಯಿದ್ದ ಆ ದುಂಡನೆಯ ಹುಲ್ಲು. ಅದರ ಅಂಚಿನಲ್ಲಿ ಚಪ್ಪಲಿಗಳು ಸಾಲಾಗಿ ಬಿಟ್ಟಿದ್ದವು: ಅವನದು, ಹೆಂಡತಿಯದು, ನೀರು ಹಾಯಿಸುವವರದು. ಯಾರೂ ಯಾರಿಗೂ ಹೇಳಿದ್ದಲ್ಲ. ಸಗಣಿ ಸಾರಿಸಿದ ಕಣಕ್ಕೆ ಚಪ್ಪಲಿಯಲ್ಲಿ ಹೋಗದವರು ಇದಕ್ಕೂ ಹೋಗಲಿಲ್ಲ, ಅಷ್ಟೇ. ಹೇಮಶ್ರೀ ಆ ಸಾಲನ್ನು ನೋಡಿ ನಿಂತಳು. ಬಗ್ಗಿ ತನ್ನ ಬೂಟಿನ ದಾರ ಬಿಚ್ಚಿ, ಕಾಲುಚೀಲ ತೆಗೆದು, ಅವರ ಚಪ್ಪಲಿಗಳ ಪಕ್ಕಕ್ಕೇ ಇಟ್ಟು ಬರಿಗಾಲಲ್ಲಿ ಹುಲ್ಲಿಗೆ ಇಳಿದಳು. ಇವರು ಒಪ್ಪುತ್ತಾರೆ, ಒಪ್ಪೇ ಒಪ್ಪುತ್ತಾರೆ ಎಂದು ಚಿಕ್ಕಸ್ವಾಮಿಯ ಒಳಗೆ ಏನೋ ಕುಣಿಯಿತು. ಈ ಹುಲ್ಲಿನ ಅಡಿಯ ನೆಲವನ್ನು ಅವನು ಟ್ರಾಕ್ಟರಿಗೆ ಕೊಟ್ಟಿರಲಿಲ್ಲ. ಬದು ಕಟ್ಟಿ, ನೀರು ತುಂಬಿಸಿ, ಎತ್ತಿನ ಹಿಂದೆ ಹಲಗೆ ಹೊಡೆದು, ನೀರಿನ ಪೊರೆ ನಾಲ್ಕೂ ಬದುವನ್ನು ಒಂದೇ ಹೊತ್ತಿಗೆ ಮುಟ್ಟುವವರೆಗೆ ಬಿಡದೆ ಮಾಡಿದ ಮಟ್ಟ ಅದು. 'ಸ್ವಲ್ಪ ಏರುಪೇರು ಇರ್ಲಿ ಭಾವ' ಎಂದು ಕುಮಾರ್ ಆಗಲೇ ರಾಗ ಎಳೆದಿದ್ದ. ಏರುಪೇರು ಬಿಡುವುದು ಸೋಮಾರಿಗಳ ಕೆಲಸ, ನನ್ನ ಕೈಯಲ್ಲಿ ಆಗದು ಎಂದು ಇವನು ನಕ್ಕಿದ್ದ.

ಹೇಮಶ್ರೀ ಒಂದು ಕಡೆಯಿಂದ ಚೆಂಡನ್ನು ಮೆಲ್ಲಗೆ ತಟ್ಟಿದಳು. ಅದು ಎಳೆದ ದಾರದ ಮೇಲೆ ಹೋದಂತೆ ಹೋಗಿ ಕುಳಿಗೆ ಬಿತ್ತು. ಇನ್ನೊಂದು ಕಡೆಯಿಂದ ತಟ್ಟಿದಳು. ಬಿತ್ತು. ದೂರದ ಅಂಚಿನಿಂದ ತಟ್ಟಿದಳು, ಬಿತ್ತು. ಬದುವಿನ ಮೇಲಿಂದ ಮರಿಸ್ವಾಮಿ ಎದ್ದುನಿಂತು, 'ಪಾಸಾಯ್ತು ಕಣ್ಲಾ ಚಿಕ್ಕಸ್ವಾಮಿ' ಎಂದು ಕೂಗಿದ, ಅದರಲ್ಲಿ ಗೇಲಿಯಿರಲಿಲ್ಲ. ಚಿಕ್ಕಸ್ವಾಮಿ ನಗುತ್ತಾ ಹೇಮಶ್ರೀಯ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ. ಅವಳು ಮಂಡಿಯೂರಿ, ಕೆನ್ನೆ ಹುಲ್ಲಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೆಲದ ಉದ್ದಕ್ಕೂ ನೋಡಿದಳು. ಅಂಗೈಯಲ್ಲಿ ಹುಲ್ಲನ್ನು ಸವರಿದಳು.

'ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ ಅಣ್ಣ' ಎಂದಳು. 'ನಿಜವಾಗಿ ಹೇಳ್ತಿದೀನಿ. ಯಾರು ಮಾಡಿದ್ದು?'

'ನಾನೇಯ.'

'ಕೈಗೆ ದೊಡ್ಡ ನಮಸ್ಕಾರ.' ಅಂಗೈಗೆ ಅಂಟಿದ ಹುಲ್ಲನ್ನು ಕೊಡವಿದಳು. 'ಆದ್ರೆ ಇಲ್ಲಿ ಕಲಿಯೋಕಾಗಲ್ಲ.'

ಚಿಕ್ಕಸ್ವಾಮಿ ಬಗ್ಗಿ ಕುಳಿಯೊಳಗಿನ ಚೆಂಡನ್ನು ಎತ್ತಿಕೊಂಡ.

'ಇಲ್ಲಿ ಎಲ್ಲರೂ ಗೆಲ್ತಾರೆ. ಬೇರೆ ಕಡೆ ಹೋಗಿ ಸೋಲ್ತಾರೆ, ಯಾಕೆ ಸೋತ್ವಿ ಅಂತ ತಿಳಿಯಲ್ಲ ಅವರಿಗೆ. ಆಟದ ನೆಲ ಎಲ್ಲೂ ಹಿಂಗಿರಲ್ಲ. ಒಂದು ಕಡೆ ಇಳೀತದೆ, ಒಂದು ಕಡೆ ಬೆನ್ನು ಎತ್ತಿರ್ತದೆ. ಚೆಂಡು ನಾವು ಕಳ್ಸಿದ ಕಡೆ ಹೋಗಲ್ಲ, ನೆಲ ಕರೆದ ಕಡೆ ಹೋಗ್ತದೆ. ಅದನ್ನ ಓದೋದೇ ಕಲಿಯೋದು. ಮತ್ತೆ ಮಳೆ ಬಂದ್ರೆ ಈ ನೀರು ಎಲ್ಲಿಗೆ ಹೋಗ್ಬೇಕು? ಇಲ್ಲೇ ನಿಂತು ಹುಲ್ಲು ಕೊಳೀತದೆ.' ಎದ್ದು ಕಾಲಿನಿಂದ ಒಂದು ಗೆರೆ ತೋರಿಸಿದಳು. 'ಈ ಮೂಲೆ ಇಷ್ಟು ಹಿಂಗೇ ಇರ್ಲಿ, ಮೊದಲನೇ ದಿನ ಬರೋರಿಗೆ ಧೈರ್ಯ ಬರೋಕೆ ಬೇಕು. ಉಳಿದದ್ದು ಕೆಡಿಸಿಬಿಡಿ. ಕೆಡಿಸಿದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಬೇಡ, ಇಷ್ಟು ಚೆನ್ನಾಗಿರೋದನ್ನ ಕೆಡಿಸಿ ಅನ್ನೋಕೆ ನನಗೂ ಬಾಯಿ ಬರ್ತಿಲ್ಲ. ಯೋಚನೆ ಮಾಡಿ. ಅಷ್ಟರಲ್ಲಿ ನಾನು ಅಲ್ಲಿ ಹೊಡೀತಿರ್ತೀನಿ.'

ಅವಳು ಬೂಟು ಕೈಯಲ್ಲಿ ಹಿಡಿದು ಹೋದಳು. ಚಿಕ್ಕಸ್ವಾಮಿ ಗ್ರೀನಿನ ನಡುವೆ ನಿಂತಲ್ಲೇ ನಿಂತ. ಬದುವಿನ ಕಡೆ ನೋಡಲಿಲ್ಲ. ದೊಡ್ಡಪ್ಪ ಅವನನ್ನು ಓದಲು ಕೂರಿಸಿದ ಹೊಣಕೆರೆಯ ಅಂಗಳದಲ್ಲಿ ಮಂಟಪವಿರಲಿಲ್ಲ, ಕಂಬವಿರಲಿಲ್ಲ. ಮೇಲೆ ಬಯಲು, ಎದುರಿಗೆ ಜನ, ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆ, ರಸ್ತೆಯಲ್ಲೊಂದು ಲೂನಾ. ರಥದ ಗಾಲಿ ನೆಲಕ್ಕೆ ಹೂತುಹೋಗುವ ಪದ್ಯ ಅವನ ಪಾಲಿಗೆ ಬಂದಿತ್ತು. ಮಂಟಪದಲ್ಲಿ ಅದನ್ನು ಎಷ್ಟು ಸಲ ಓದಿ ಅತ್ತಿದ್ದನೋ. ಬಾಯಿ ತೆರೆದ. ದನಿ ಹೋಯಿತು, ವಾಪಸು ಬರಲಿಲ್ಲ. ಕೊಡುವವರೇ ಇರಲಿಲ್ಲ. ಅದು ತನ್ನ ದನಿಯೇ ಅಲ್ಲವೆಂಬಂತೆ ತೆಳ್ಳಗೆ, ಒಣಗಿ ಕೇಳಿತು. ಇದು ಯಾರು ಎಂದು ಬೆದರಿದ ಗಳಿಗೆಯಲ್ಲೇ ಮುಂದಿನ ಪದ ಕಳಚಿಬಿತ್ತು. ಗಾಲಿ ಹೂತಲ್ಲೇ ಹೂತಿತು. ಯಾರೋ ಒಬ್ಬ ಕೆಮ್ಮಿದ. ಆಗ ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಬಿದ್ದ ಪದದಿಂದಲೇ ಪದ್ಯವನ್ನು ಎತ್ತಿಕೊಂಡ, ಇವನ ಕಡೆ ತಿರುಗಿ ಕೂಡ ನೋಡದೆ. ನೋಡಲಿಲ್ಲ ಎಂಬುದೇ ಇಷ್ಟು ವರ್ಷ ಚುಚ್ಚಿದ್ದು. ಬೈದಿದ್ದರೆ, ಒಂದು ಏಟು ಕೊಟ್ಟಿದ್ದರೆ ಮರೆಯುತ್ತಿತ್ತು. ನನ್ನ ಮುಖ ನೋಡಲೂ ಅಸಹ್ಯಪಟ್ಟ ಎಂದುಕೊಂಡು ಅವತ್ತೇ ಓದು ಬಿಟ್ಟ. ಓದು ಬಿಟ್ಟವನು ಮಟ್ಟಕ್ಕೆ ಬಿದ್ದ. ಏಳುಬೀಳಿಲ್ಲದ ನೆಲ, ತಪ್ಪಿಗೆ ಎಡೆಯಿಲ್ಲದ ನೆಲ. ದೂರದಲ್ಲಿ ಹೇಮಶ್ರೀಯ ಕೋಲು ಮತ್ತೆ ನೆಲಕ್ಕೆ ಬಡಿದ ಕೆಟ್ಟ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು. ಕೇಳುತ್ತಾ ಕೇಳುತ್ತಾ ಆ ಸದ್ದಿನ ಮೇಲೆ ಅವನಿಗೆ ಭಕ್ತಿಯಂಥದ್ದೇನೋ ಹುಟ್ಟಿತು.

ಪುಟ್ಟಗೌರಮ್ಮ ಮಜ್ಜಿಗೆಯ ಚೊಂಬು ಹಿಡಿದು ಬಂದು ಚಪ್ಪಲಿ ಬಿಟ್ಟಳು. ಗಂಡನ ಮುಖ ನೋಡಿದಳು. 'ಏನಂದ್ರು?'

'ಚೆನ್ನಾಗದೆ ಅಂದ್ರು.'

'ಮತ್ಯಾಕಿಂಗೆ ನಿಂತಿದ್ದೀರಿ, ಮಗ್ಗಿ ತಪ್ಪಿದ ಐಕಳಂಗೆ?'

'ಕೆಡಿಸ್ಬೇಕಂತೆ.' ಹೇಳಿದ ಮೇಲೆ ಮಾತು ಸಲೀಸಾಯಿತು. ಹೇಮಶ್ರೀ ಹೇಳಿದ್ದನ್ನೆಲ್ಲ ಹೇಳಿದ. ಪುಟ್ಟಗೌರಮ್ಮ ಚೊಂಬನ್ನು ಕೆಳಗಿಟ್ಟು ಹುಲ್ಲನ್ನು ಒಮ್ಮೆ ಸುತ್ತ ನೋಡಿದಳು.

'ಅಲ್ಲಾ, ನಮ್ಮ ಕುಮಾರ ಇದನ್ನೇ ಬಡ್ಕೊಂಡ. ಕೇಳಿದ್ರಾ? ನಿಮಗೆ ಒಂದು ಕಾಳಷ್ಟು ಉಬ್ಬಿದ್ರೆ ನಿದ್ದೆ ಬರಕಿಲ್ಲ. ಮನೇಲಿ ರೊಟ್ಟಿ ಒಂದ್ಕಡೆ ದಪ್ಪ ಆದ್ರೂ ತಿರುಗ್ಸಿ ತಿರುಗ್ಸಿ ನೋಡ್ತೀರಿ.' ದನಿ ತಗ್ಗಿಸಿದಳು. 'ಮರಿಸ್ವಾಮಣ್ಣ ನೋಡ್ತಾವ್ನೆ ಅಂತ ಸಂಕೋಚವಾ? ನೋಡ್ಲಿ ಬುಡಿ. ಅವ್ನ ಗದ್ದೆ ಮಟ್ಟ ಮಾಡ್ದೋರೂ ನೀವೆಯ.'

ಚಿಕ್ಕಸ್ವಾಮಿ ಗುದ್ದಲಿ ತಂದ. ಹುಲ್ಲನ್ನು ಅಂಚಿನಿಂದ ಕೊಯ್ದು, ಚಾಪೆಯ ಹಾಗೆ ಸುರುಳಿ ಸುತ್ತಿ ಪಕ್ಕಕ್ಕಿಟ್ಟರು ಗಂಡಹೆಂಡಿರಿಬ್ಬರೂ. ಕೆಳಗಿನ ಮಣ್ಣು ತೇವವಾಗಿ, ಕಪ್ಪಾಗಿ, ಕನ್ನಡಿಯಷ್ಟು ಸಮವಾಗಿ ಬಯಲಾಯಿತು. ಅದನ್ನು ನೋಡಿ ಅವನ ಕೈ ಏಳಲಿಲ್ಲ. ಎಲ್ಲಿಗೆ ಇಳಿಸುವುದು? ಜೀವಮಾನವೆಲ್ಲ ನೀರು ಓಡುವ ಕಡೆಯನ್ನು ಹುಡುಕಿ ಹುಡುಕಿ ಮುಚ್ಚಿದವನು ಅವನು. ಕಣ್ಣುಮುಚ್ಚಿ ಅಂಗಾಲನ್ನು ಮಣ್ಣಿಗೆ ಊರಿ ನಿಂತ. ಹಲಗೆ ಹೊಡೆಯುವ ಮುಂಚೆ ಈ ನೆಲ ಹೇಗಿತ್ತೋ ಅದು ಕಾಲಿಗೆ ನೆನಪಿತ್ತು: ಲೋಕಪಾವನಿ ಹೊಳೆಯ ಕಡೆಗೆ, ಹೊಂಗೆಮರದ ಬೇರಿನ ಹತ್ತಿರ ಒಂದು ಬಳುಕು, ಅದರಾಚೆ ಆಮೆಯ ಬೆನ್ನಿನಂತೆ ಒಂದು ಉಬ್ಬು, ಮತ್ತೆ ಮೆಲ್ಲನೆಯ ಇಳಿಜಾರು. ಅಲ್ಲಿಗೆ ಗುದ್ದಲಿ ಹಾಕಿದ. ಮಣ್ಣು ಬಿಟ್ಟುಕೊಂಡಿತು.

'ಉಚ್ಚು ಇಡೀತೇನ್ಲಾ ನಿಂಗೆ? ಅಷ್ಟು ಚೆಂದಾಗಿತ್ತಲ್ಲೋ' ಎಂದು ಮರಿಸ್ವಾಮಿ ಬದುವಿನಿಂದ ಇಳಿದು ಬಂದ. ಬಂದವನು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, 'ಕೊಡು ಅತ್ಲಾಗೆ, ನೀನು ಕೆಡಿಸೋದ್ರಲ್ಲೂ ಮಟ್ಟ ಮಾಡ್ತೀಯ' ಎಂದು ಗುದ್ದಲಿ ಇಸಕೊಂಡ. ಚಿಕ್ಕಸ್ವಾಮಿ ಕೈಯಿಂದಲೇ ಮಣ್ಣು ಎಳೆದು ಉಬ್ಬನ್ನು ತಟ್ಟತೊಡಗಿದ. ಬೆವರು ಹುಬ್ಬಿಗೆ ಇಳಿಯಿತು. ತಟ್ಟುವ ಕೈಗೆ ಒಂದು ಲಯ ಬಂದು, ಆ ಲಯಕ್ಕೆ ಗಂಟಲೊಳಗೆ ಏನೋ ಅಲುಗಿದ್ದು ಅವನಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾದಾಗ ಪದ್ಯ ಆಗಲೇ ತುಟಿಗೆ ಬಂದಿತ್ತು. ಅದೇ ಪದ್ಯ. ಬಯಲಿನಲ್ಲಿ ದನಿ ತೆಳ್ಳಗಿತ್ತು, ಒರಟಾಗಿತ್ತು, ವಯಸ್ಸಾಗಿತ್ತು ಅದಕ್ಕೆ. ಗಾಳಿ ಅದನ್ನು ಹಾಗೇ ಎತ್ತಿಕೊಂಡು ಹೋಯಿತು. ರಥ ಬಂತು, ಗಾಲಿ ಬಂತು, ನೆಲ ಬಾಯಿ ಬಿಟ್ಟಿತು. ಅಲ್ಲಿಗೆ, ಸರಿಯಾಗಿ ಅಲ್ಲಿಗೇ, ಪದ ಕಳಚಿತು.

ಮರಿಸ್ವಾಮಿಯ ಗುದ್ದಲಿ ನಿಂತಿತು. ಪುಟ್ಟಗೌರಮ್ಮ ಹುಲ್ಲಿನ ಸುರುಳಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಗಂಡನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಈ ದನಿ ಕೇಳಿದ್ದಿಲ್ಲ. ಚಿಕ್ಕಸ್ವಾಮಿ ತಲೆಯೆತ್ತಿದ. ಆಚೆ ತುದಿಯಲ್ಲಿ ಹೇಮಶ್ರೀ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಬಯಲು ಅಷ್ಟು ನಿಶ್ಶಬ್ದವಾಗಿತ್ತು, ದನಿ ಅಲ್ಲಿಗೆ ಮುಟ್ಟದೆ ಇರಲು ಸಾಧ್ಯವಿರಲಿಲ್ಲ. ಅವಳು ತಿರುಗಲಿಲ್ಲ. ಬಗ್ಗಿ ಇನ್ನೊಂದು ಚೆಂಡನ್ನು ಹುಲ್ಲಿನ ಮೇಲಿಟ್ಟು, ಪಾದ ಸರಿಮಾಡಿಕೊಂಡು, ಕೋಲು ಎತ್ತಿದಳು. ಆ ಬೆನ್ನನ್ನು ನೋಡುತ್ತಾ ಅವನಿಗೆ ದೊಡ್ಡಪ್ಪ ಪಕ್ಕದಲ್ಲೇ ಕೂತಂತಾಯಿತು, ಮುಖ ಆ ಕಡೆಗೆ, ಕಿವಿ ಈ ಕಡೆಗೆ, ಅಸಹ್ಯವಿಲ್ಲದೆ.

ಚಿಕ್ಕಸ್ವಾಮಿ ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಉಸಿರೆಳೆದು, ಪದ್ಯವನ್ನು ಮೊದಲಿನಿಂದ ಎತ್ತಿಕೊಂಡ.